ಕಂದು ಕುದುರೆಯ ಹಳದಿ ಹೆಗಲು

ಗಾಯ ಅಂಗಿಯ ಗುಂಡಿಯಷ್ಟಿತ್ತು. ಅದರ ಮೇಲೆ ಬಿದ್ದ ಪುಡಿ ಒಂದಿಡೀ ಡಬ್ಬ. ಮುಂದಿನ ಅನಾಹುತಕ್ಕೆಲ್ಲ ಕಾರಣ ಗಾಯವಲ್ಲ, ಪುಡಿ.

ನಮ್ಮ ಬೀದಿಯಲ್ಲಿ ಸಾರೋಟು ಇಟ್ಟುಕೊಂಡಿರುವವನನ್ನು ಎಲ್ಲರೂ ಖಾತ್ರಿ ಎಂದು ಕರೆಯುತ್ತಾರೆ. ಏನೇ ಹೇಳಿದರೂ ಕೊನೆಗೆ ಆ ಮಾತು ಸೇರಿಸುವುದು ಅವನ ಅಭ್ಯಾಸ. 'ಇವತ್ತು ಮಳೆ ಬರಲ್ಲ, ಖಾತ್ರಿ' ಎಂದು ಹೇಳಿ ಕೊಡೆ ಹಿಡಿದುಕೊಂಡು ಹೊರಡುವ ಮನುಷ್ಯ. ದೊಡ್ಡ ಉದ್ಯಾನದ ಬಾಗಿಲಲ್ಲಿ ಐದು ಸಾರೋಟುಗಳಿಗೆ ಮಾತ್ರ ಜಾಗ. ಮೂರನೆಯ ಜಾಗ ಅವನದು. ಉದ್ಯಾನ ನೋಡಲು ಬಂದವರನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸಿ ಇಳಿಸುವುದು ಕೆಲಸ. ಎಳೆಯುವುದು ಅವನ ಕುದುರೆ. ನಾಲ್ಕು ವರ್ಷದ ಹಿಂದೆ ಇಟ್ಟಿಗೆ ಸುಡುವವನೊಬ್ಬನಿಂದ ಕೊಂಡು ತಂದದ್ದು. ಬಣ್ಣ ಕಂದು. ಪರವಾನಗಿ ಪುಸ್ತಕದಲ್ಲೂ ಹಾಗೇ ಬರೆದಿದೆ.

ಲಾಯದ ಬಾಗಿಲ ಚಿಲಕ ತಾಗಿ ಕುದುರೆಯ ಎಡ ಹೆಗಲು ತರಚಿತು. ಪಶು ಆಸ್ಪತ್ರೆಯ ಕಾಂಪೌಂಡರ್ ಹಳದಿ ಪುಡಿಯ ಡಬ್ಬ ಕೊಟ್ಟು, "ದಿನಕ್ಕೊಂದು ಚಿಟಿಕೆ" ಎಂದ. ಖಾತ್ರಿಗೆ ಚಿಟಿಕೆಯ ಮೇಲೆ ನಂಬಿಕೆ ಬರಲಿಲ್ಲ. ಲಾಯದ ಕಡೆ ಹೋದಾಗಲೆಲ್ಲ ಒಂದಿಷ್ಟು ಉದುರಿಸಿದ. ಉದುರಿದ್ದು ನಿಲ್ಲುವುದಿಲ್ಲವೆಂದು ನೀರು ಚಿಮುಕಿಸಿದ. ನೀರಿಗೆ ಕರಗಿಹೋದೀತೆಂದು ಮತ್ತೆ ಪುಡಿ ಹಾಕಿದ. ನಾಲ್ಕೇ ದಿನಕ್ಕೆ ತಿಂಗಳ ಡಬ್ಬ ಖಾಲಿ. ಗಾಯ ಒಳಗೊಳಗೇ ವಾಸಿಯಾಗಿ ಹೋಯಿತು. ಹೊರಗೆ ಊಟದ ತಟ್ಟೆಯಗಲದ ಹಳದಿ ಗಾರೆ ಉಳಿಯಿತು.

ಪರವಾನಗಿ ಕಚೇರಿಯ ವಾರ್ಷಿಕ ಪರೀಕ್ಷೆಗೆ ಎರಡು ದಿನ ಇರುವಾಗ ಖಾತ್ರಿಗೆ ನಿಯಮ ನೆನಪಾಯಿತು. ಮೈಮೇಲೆ ಔಷಧಿ ಕಂಡರೆ ಕುದುರೆಗೆ ಗಾಯವಿದೆಯೆಂದು ಅರ್ಥ. ಗಾಯವಿದ್ದರೆ ಮೂರು ತಿಂಗಳು ಸಾರೋಟು ಓಡಿಸುವಂತಿಲ್ಲ. ಮೂರು ತಿಂಗಳು ಖಾಲಿ ಬಿದ್ದ ಜಾಗ ಸರದಿಯಲ್ಲಿ ಕಾಯುವವನಿಗೆ ಹೋಗುತ್ತದೆ. ಸರದಿಯಲ್ಲಿ ಹನ್ನೊಂದು ಜನ ಇದ್ದರು.

ಬುಧವಾರ ಬೆಳಿಗ್ಗೆ ಲಾಯದ ಬಾಗಿಲು ಹಾಕಿಕೊಂಡು ಖಾತ್ರಿ ಕೆಲಸಕ್ಕೆ ಕೂತ. ಮೊದಲು ಬ್ರಷ್‌ನಲ್ಲಿ ಉಜ್ಜಿದ. ಗೋಡೆ ಉಜ್ಜಿದ ಸದ್ದು ಬಂತು. ನೀರು ಹಾಕಿದ. ಪುಡಿ ನೀರು ಕುಡಿದು ಉಬ್ಬಿತೇ ಹೊರತು ಜಾಗ ಬಿಡಲಿಲ್ಲ. ಉಗುರಿನಲ್ಲಿ ಕೆರೆದ. ಕುದುರೆ ಹಿಂದಿನ ಕಾಲೆತ್ತಿ ಬಕೆಟ್ಟಿಗೆ ಒದ್ದಿತು. ಮುಂದಿನ ಸಲ ಬಕೆಟ್ ಆಗಿರುವುದಿಲ್ಲ ಎಂಬುದು ಅದರ ನೋಟದಲ್ಲಿತ್ತು. ಕೊನೆಗೆ ಕಾಂಪೌಂಡರ್ ಹತ್ತಿರ ಓಡಿದ.

"ಒಂದು ಡಬ್ಬಾನೂ ಹಾಕಿದ್ರಾ?" ಎಂದ ಕಾಂಪೌಂಡರ್. "ಗೋಡೆಗೆ ಏನಾದ್ರೂ ಬಳಿದ್ರಾ, ನಿಜ ಹೇಳಿ."

"ಗಾಯಕ್ಕೇ ಹಾಕಿದ್ದು, ಖಾತ್ರಿ."

"ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ. ನೆನೆದ ಮೇಲೆ ಪಾತ್ರೆ ತೊಳೆಯೋ ಸೋಪು, ಬಿಸಿನೀರು. ಮೆತ್ತಗೆ ಉಜ್ಜಬೇಕು. ಕೆರೀಬೇಡಿ."

ಮನೆಯಲ್ಲಿ ತಲೆಗೆ ಹಚ್ಚುವ ಎಣ್ಣೆ ಇತ್ತು. ಹೆಂಡತಿಯದು, ಗುಲಾಬಿ ಪರಿಮಳದ್ದು. ಕೇಳಿದರೆ ಕೊಡುವುದಿಲ್ಲವೆಂದು ಖಾತ್ರಿ ಕೇಳಲಿಲ್ಲ. ಸೀಸೆಯನ್ನು ಅಂಗಿಯೊಳಗೆ ಇಟ್ಟುಕೊಂಡು, ಕೆಮ್ಮುತ್ತಾ, ಗೋಡೆಯ ಪಕ್ಕದಿಂದ ಲಾಯಕ್ಕೆ ಹೋದ.

ಹೀಗೆ ಹೋಗುವವನನ್ನು ಎದುರುಮನೆಯ ಮಹಡಿಯಿಂದ ನಿವೃತ್ತ ಪೋಸ್ಟ್ ಮಾಸ್ಟರ್ ನೋಡಿದರು. ಮೂವತ್ತು ವರ್ಷ ಬೇರೆಯವರ ಲಕೋಟೆಗಳನ್ನು ಬೆಳಕಿಗೆ ಹಿಡಿದು ನೋಡಿ ಪಳಗಿದ ಕಣ್ಣು ಅದು. ಈಗ ಲಕೋಟೆಗಳಿಲ್ಲ, ಬೀದಿಯಿದೆ. ಅವರು ಕೆಳಗಿಳಿದು ಡ್ರೈಕ್ಲೀನಿಂಗ್ ಅಂಗಡಿಯ ಅಕ್ಕನ ಕಟ್ಟೆಗೆ ಬಂದರು.

"ಬೆಳಿಗ್ಗೆಯಿಂದ ಎಂಟು ಬಕೆಟ್ ನೀರು ಒಳಗೆ ಹೋಗಿದೆ," ಎಂದರು. "ಬರುವಾಗ ಹಳದಿಯಾಗಿ ಬಂದಿದೆ. ನೀವು ನೋಡಿದ್ರಾ?"

"ಹತ್ತು," ಎಂದಳು ಅಕ್ಕ, ಇಸ್ತ್ರಿಪೆಟ್ಟಿಗೆ ನಿಲ್ಲಿಸದೆ. "ನೀವು ಕಾಫಿ ಕುಡಿಯೋಕೆ ಒಳಗೆ ಹೋದಾಗ ಎರಡು ಹೋಯ್ತು. ಅಲ್ಲ ಸಾರ್, ನಾನು ದಿನಾ ಕಲೆ ತೆಗೆಯೋಳು. ಶಾಯಿ ಚೆಲ್ಲಿಕೊಂಡೋರು ನಗ್ತಾ ಬರ್ತಾರೆ. ಬಾಗಿಲು ಹಾಕ್ಕೊಂಡು ಕಲೆ ತೆಗೆಯೋರನ್ನ ಈಗ್ಲೇ ನೋಡ್ತಿರೋದು."

"ಉಜ್ಜುತ್ತಿರೋದು ಎಲ್ಲಿ ಅಂತ ಗೊತ್ತಾ? ಎಡ ಹೆಗಲು. ಕಿಟಕಿಯಿಂದ ಕಂಡಿತು." ಪೋಸ್ಟ್ ಮಾಸ್ಟರ್ ದನಿ ತಗ್ಗಿಸಿದರು. "ಸರ್ಕಾರಿ ಕುದುರೆಗಳಿಗೆ ನಂಬರ್ ಹಾಕೋದು ಎಲ್ಲಿ? ಹೆಗಲ ಮೇಲೆ."

ಅಕ್ಕ ಇಸ್ತ್ರಿಪೆಟ್ಟಿಗೆ ನಿಲ್ಲಿಸಿದಳು. ಯಾರದೋ ಪ್ಯಾಂಟಿನ ಮೊಣಕಾಲ ಹತ್ತಿರ ಸುಟ್ಟ ವಾಸನೆ ಬಂತು. ಅದನ್ನು ಇಬ್ಬರೂ ಗಮನಿಸಲಿಲ್ಲ.

ಲಾಯದಲ್ಲಿ ಎಣ್ಣೆ ಕೆಲಸ ಮಾಡಿತ್ತು. ಹಳದಿ ಗಾರೆ ಮೆತ್ತಗಾಗಿ, ಉಂಡೆಯುಂಡೆಯಾಗಿ ಸಡಿಲಿ, ಸೋಪುನೀರಿನ ಜೊತೆ ಇಳಿದುಹೋಯಿತು. ಖಾತ್ರಿ ಬಟ್ಟೆಯಿಂದ ಒರೆಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಗಾಯದ ಗುರುತೂ ಇರಲಿಲ್ಲ. ಕಂದು ಕುದುರೆಯ ಎಡ ಹೆಗಲ ಮೇಲೆ, ಊಟದ ತಟ್ಟೆಯಗಲಕ್ಕೆ, ಆಗ ತಾನೇ ಸುಣ್ಣ ಬಳಿದಂಥ ಬಿಳಿ.

ಇಲ್ಲಿ ಕುದುರೆಯ ಪರವಾಗಿ ಒಂದು ಮಾತು ಹೇಳಬೇಕು. ಅದು ಹುಟ್ಟಿದ್ದೇ ಬಿಳಿಯಾಗಿ. ಇಟ್ಟಿಗೆಯ ಧೂಳಿನಲ್ಲಿ ಬೆಳೆಯಿತು. ಆ ಬಣ್ಣದಲ್ಲೇ ಮಾರಾಟವಾಯಿತು. ಇಲ್ಲಿಗೆ ಬಂದ ಮೇಲೆ ಉದ್ಯಾನದ ಹಿಂದಿನ ಕೆಮ್ಮಣ್ಣಿನ ಬಯಲಿನಲ್ಲಿ ದಿನಾ ಹೊರಳಿತು. ಖಾತ್ರಿ ತಪ್ಪದೆ ಒಣ ಬ್ರಷ್ ಹಾಕಿದ. ಧೂಳು ಹೊಳಪು ಪಡೆಯಿತು. ಬೀದಿಗೆಲ್ಲ ಇರುವುದು ಒಂದೇ ನಲ್ಲಿ. ಅದರಲ್ಲಿ ಮನುಷ್ಯರು ಮೈ ತೊಳೆಯುವುದೇ ಕಷ್ಟ. ಕುದುರೆಗೆ ಸ್ನಾನ ಮಾಡಿಸಬೇಕೆಂದು ನಾಲ್ಕು ವರ್ಷ ಯಾರಿಗೂ ಹೊಳೆಯಲಿಲ್ಲ, ಕುದುರೆಗೂ ಸಹ.

ಖಾತ್ರಿಗೆ ಇದಾವುದೂ ಗೊತ್ತಿರಲಿಲ್ಲ. ಚರ್ಮರೋಗ ಎಂದುಕೊಂಡ. ಬಿಳಿ ತಟ್ಟೆ ಕಂಡರೆ ಅಧಿಕಾರಿ ಮೂರು ತಿಂಗಳಲ್ಲ, ಆರು ತಿಂಗಳು ಕೂರಿಸುತ್ತಾನೆ. ಅಂಚು ಎದ್ದು ಕಾಣದಂತೆ ಸುತ್ತ ಸ್ವಲ್ಪ ಉಜ್ಜಿದ. ಬಿಳಿ ಅಗಲವಾಯಿತು, ಅಂಚು ಮುಂದೆ ಹೋಯಿತು. ಅಂಚನ್ನು ಹಿಂಬಾಲಿಸಿದ. ಕುತ್ತಿಗೆ ಮುಗಿಯಿತು, ಜೂಲು ಮುಗಿಯಿತು, ಹೊಟ್ಟೆ ಮುಗಿಯಿತು. ಸಂಜೆ ಐದಕ್ಕೆ ಅಂಚು ಬಾಲದ ತುದಿಯಲ್ಲಿ ನೆಲಕ್ಕೆ ಬಿತ್ತು. ಲಾಯದಲ್ಲಿ ಅಪರಿಚಿತವಾದ ಒಂದು ಬಿಳಿ ಕುದುರೆ ನಿಂತಿತ್ತು. ಗಿರಾಕಿಗಳಿಗೆ ಕೈ ಮುಗಿಯುವ ಅಭ್ಯಾಸಬಲದಿಂದ ಖಾತ್ರಿ ಅದಕ್ಕೂ ಕೈ ಮುಗಿದ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ತಡೆದಳು. ಮೂಗು ಅರಳಿಸಿ ಒಂದು ಸುತ್ತು ಹಾಕಿದಳು.

"ಗುಲಾಬಿ ಎಣ್ಣೆ ವಾಸನೆ."

"ಕುದುರೆಗೆ ಹಚ್ಚಿದೆ ಕಣೇ."

ಅವಳು ಅವನ ಅಂಗಿಯ ಮೇಲಿಂದ ಏನನ್ನೋ ಎರಡು ಬೆರಳಲ್ಲಿ ಎತ್ತಿದಳು. ಮೊಳದುದ್ದದ ಬಿಳಿ ಕೂದಲು.

"ಇದು ಯಾರದು?"

"ಕುದುರೇದು."

"ನಮ್ಮ ಕುದುರೆ ಕಂದು ರೀ."

"ಬೆಳಿಗ್ಗೆ ಕಂದೇ ಇತ್ತು," ಎಂದ ಖಾತ್ರಿ.

ಅವಳು ಕೂದಲನ್ನು ಬೆಳಕಿಗೆ ಹಿಡಿದಳು. "ವಯಸ್ಸಾದೋಳು ಬೇರೆ," ಎಂದು ಹೇಳಿ ಅದನ್ನು ಕಾಗದದಲ್ಲಿ ಸುತ್ತಿ ಡಬ್ಬದಲ್ಲಿಟ್ಟಳು.

ಗುರುವಾರ ಬೆಳಿಗ್ಗೆ ಖಾತ್ರಿ ಕುದುರೆಯನ್ನು ಹೊರಗೆ ತಂದ. ಬೀದಿಯೆಲ್ಲ ಬಾಗಿಲಿಗೆ ಬಂತು. ಕಂದು ಕುದುರೆ ಒಳಗೆ ಹೋದದ್ದನ್ನು ಎಲ್ಲರೂ ನೋಡಿದ್ದರು. ಹೊರಗೆ ಬಂದದ್ದನ್ನೂ ಎಲ್ಲರೂ ನೋಡಿದರು. ಹೆಂಡತಿ ಮಾತ್ರ ಕುದುರೆಯ ಹತ್ತಿರ ಹೋಗಿ, ಡಬ್ಬದ ಕೂದಲನ್ನು ಜೂಲಿಗೆ ಹಿಡಿದು ಹೊಂದಿಸಿ ನೋಡಿ, "ಸರಿ, ಹೋಗಿ ಬನ್ನಿ" ಎಂದಳು.

ಅಕ್ಕ ಕೇಳಿದಳು, "ಏನಣ್ಣ, ಹೊಸದಾ?"

"ಹಳೇದೇ ಅಕ್ಕ, ಖಾತ್ರಿ."

ಅವನು ತಿರುವು ದಾಟುವ ಮೊದಲೇ ಪೋಸ್ಟ್ ಮಾಸ್ಟರ್ ಲೇಖನಿಯ ಮುಚ್ಚಳ ತೆಗೆದಿದ್ದರು. ಅವರ ಮನವಿ ಸೈಕಲ್ ಮೇಲೆ ಅವನಿಗಿಂತ ಮುಂಚೆ ಕಚೇರಿ ಮುಟ್ಟಿತು.

ನಮ್ಮಲ್ಲಿ ಸಾರೋಟಿಗೂ ಲಾರಿಗೂ ಪರವಾನಗಿ ಕೊಡುವುದು ಒಂದೇ ಕಚೇರಿ. ಊರಿಗೆಲ್ಲ ಇರುವ ಐದು ಕುದುರೆಗಳಿಗಾಗಿ ಬೇರೆ ಅರ್ಜಿ ಅಚ್ಚು ಹಾಕಿಸುವುದು ಬೇಡವೆಂದು ಹಿಂದೆ ಯಾರೋ ತೀರ್ಮಾನಿಸಿದ್ದಾರೆ. ಆದ್ದರಿಂದ ಖಾತ್ರಿಯ ಪುಸ್ತಕದಲ್ಲಿ 'ಇಂಜಿನ್' ಎಂಬ ಕಡೆ 'ಒಂದು, ಹೆಣ್ಣು' ಎಂದಿದೆ. ಅಧಿಕಾರಿ ಅಂಗಳದ ಚಾವಣಿಯ ಕೆಳಗೆ ಮೇಜು ಹಾಕಿಸಿಕೊಂಡು ಕೂತಿದ್ದ. ತಪಾಸಣೆಗೆ ಬಂದದ್ದು ಮೇಜಿಗೆ ಎಡಮಗ್ಗುಲು ಕೊಟ್ಟು ನಿಲ್ಲಬೇಕು.

"ಕುದುರೆ ಎಲ್ರೀ?" ಎಂದ ಅಧಿಕಾರಿ.

"ಇದೇ ಸಾರ್."

"ಇದು ಬಿಳಿ. ಪುಸ್ತಕದಲ್ಲಿ ಕಂದು."

"ಮೈ ತೊಳೆದೆ ಸಾರ್."

"ತೊಳೆದ್ರೆ ಬಣ್ಣ ಹೋಗುತ್ತಾ?"

"ಹೋಯ್ತು ಸಾರ್."

"ಹಾಗಾದ್ರೆ ಮೊದಲಿದ್ದದ್ದು ಬಳಿದ ಬಣ್ಣ. ಇಲ್ಲ ಈಗಿರೋದು ಬಳಿದ ಬಣ್ಣ. ಎರಡರಲ್ಲಿ ಒಂದು ಹೇಳಿ." ಅಧಿಕಾರಿ ಪುಸ್ತಕ ಮುಚ್ಚಿದ. "ಬಣ್ಣ ಬದಲಾಯಿಸೋ ಮುಂಚೆ ಕಚೇರಿ ಅನುಮತಿ ಬೇಕು. ಪೇಂಟಿಂಗ್ ಮಾಡಿದವರ ಬಿಲ್ ಲಗತ್ತಿಸಬೇಕು. ಬಿಲ್ ಎಲ್ಲಿ?"

"ಬಿಲ್ ಇಲ್ಲ ಸಾರ್. ಸೋಪು, ಬಿಸಿನೀರು."

"ನಾಲ್ಕು ವರ್ಷ ತೊಳೆಯದೋರು ಪರೀಕ್ಷೆ ಹಿಂದಿನ ದಿನ ತೊಳೆದ್ರಿ. ಯಾಕೆ?"

ಉತ್ತರ ಖಾತ್ರಿಯ ನಾಲಿಗೆ ತುದಿಯಲ್ಲೇ ಇತ್ತು. ಔಷಧಿ ಪುಡಿ ಸಾರ್ ಎಂದರೆ ಮುಗಿಯಿತು. ಎಂದರೆ ಜಾಗವೂ ಮುಗಿಯಿತು. ಅವನು ಬೆವರು ಒರೆಸಿಕೊಂಡು, "ಸುಮ್ನೆ ಸಾರ್," ಎಂದ.

"ಸುಮ್ನೆ." ಅಧಿಕಾರಿ ಆ ಮಾತನ್ನು ಬರೆದುಕೊಂಡ. ಆಮೇಲೆ ಪೋಸ್ಟ್ ಮಾಸ್ಟರರ ಮನವಿಯನ್ನು ಬಿಡಿಸಿದ. "ಎಡ ಹೆಗಲ ಮೇಲೆ ಏನಿತ್ತು?"

"ಏನೂ ಇರಲಿಲ್ಲ ಸಾರ್, ಖಾತ್ರಿ."

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು. ಅಧಿಕಾರಿ ಅದನ್ನೂ ಬರೆದುಕೊಂಡ.

"ಶನಿವಾರ ಹನ್ನೊಂದಕ್ಕೆ ಕಂದು ಕುದುರೆ ತನ್ನಿ. ತರದಿದ್ರೆ ಮೂರನೇ ಜಾಗ ಮುಂದಿನವರಿಗೆ. ಈ ಬಿಳಿ ಕುದುರೆ ವಿಷಯ ಪೊಲೀಸಿನವರು ನೋಡ್ಕೋತಾರೆ."

"ಕಂದು ಕುದುರೆ ಇದೇ ಸಾರ್."

"ಅದನ್ನೇ ತನ್ನಿ."

ಶುಕ್ರವಾರ ಬೀದಿ ಎರಡು ಪಂಗಡವಾಯಿತು. ಖಾತ್ರಿ ಬಿಳಿ ಕುದುರೆಯನ್ನು ಕದ್ದಿದ್ದಾನೆಂದು ಒಂದು ಪಂಗಡ. ಕಂದು ಕುದುರೆಯನ್ನು ಗುಟ್ಟಾಗಿ ಮಾರಿದ್ದಾನೆಂದು ಇನ್ನೊಂದು. ಎರಡೂ ನಿಜವಿರಬಹುದೆಂದು ಪೋಸ್ಟ್ ಮಾಸ್ಟರ್ ರಾಜಿ ಮಾಡಿಸಿದರು. ಅಕ್ಕನಿಗೆ ಕಳ್ಳತನಕ್ಕಿಂತ ಕಂದು ಕುದುರೆಯದೇ ಚಿಂತೆ. ಅವಳು ಒಂದು ಕಟ್ಟು ಹಸಿ ಹುಲ್ಲು ತಂದು ಖಾತ್ರಿಯ ಕೈಯಲ್ಲಿಟ್ಟಳು.

"ಅದು ಎಲ್ಲಿದೆಯೋ ಅಲ್ಲಿಗೆ ತಲುಪಿಸಿಬಿಡಣ್ಣ. ಯಾರಿಗೂ ಹೇಳಲ್ಲ ನಾನು."

ಖಾತ್ರಿ ಹುಲ್ಲನ್ನು ಬಿಳಿ ಕುದುರೆಗೆ ಹಾಕಿದ. ಅದು ತಿನ್ನುವುದನ್ನು ನೋಡಿ ಅಕ್ಕನ ಕಣ್ಣಲ್ಲಿ ನೀರು ಬಂತು. "ಅದರ ಪಾಲು ಇದು ತಿಂತಿದೆ," ಎಂದಳು.

ಇಷ್ಟು ಜನ ಇಷ್ಟು ಗಟ್ಟಿಯಾಗಿ ಹೇಳುವಾಗ ಒಬ್ಬನೇ ಎಷ್ಟು ಹೊತ್ತು ಬೇರೆ ಮಾತು ಹೇಳಿಯಾನು? ಮಧ್ಯಾಹ್ನದ ಹೊತ್ತಿಗೆ ಖಾತ್ರಿಗೇ ಅನುಮಾನ ಹತ್ತಿತು. ಲಾಯದ ಬಾಗಿಲು ಒಂದು ದಿನವೆಲ್ಲ ಹಾಕಿತ್ತು ನಿಜ. ಆದರೆ ಒಮ್ಮೆ ಕಾಂಪೌಂಡರ್ ಹತ್ತಿರ, ಎಣ್ಣೆಗೆ ಬಿಸಿನೀರಿಗೆಂದು ಹಲವು ಸಲ ಮನೆಗೆ ಹೋಗಿದ್ದ. ಆಗ ಯಾರಾದರೂ? ಅವನು ಕುದುರೆಯ ಎದುರು ಮಣೆ ಹಾಕಿಕೊಂಡು ಕೂತು ಅದನ್ನು ಬಹಳ ಹೊತ್ತು ನೋಡಿದ. ಅದೂ ಅವನನ್ನು ನೋಡಿತು. ಅದರ ನೋಟದಲ್ಲೂ ಅನುಮಾನವೇ ಇತ್ತು.

"ನಮ್ಮದು ಹೀಗೆ ಕಿವಿ ಅಲ್ಲಾಡಿಸ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದ.

"ಎಲ್ಲಾ ಕುದುರೇನೂ ಹೀಗೇ ಅಲ್ಲಾಡಿಸೋದು."

"ಅದೇ ನೋಡು. ಹಾಗಾದ್ರೆ ಯಾವ ಕುದುರೆಯಾದ್ರೂ ಆಗಿರಬಹುದು."

"ನನ್ನನ್ನ ಕಂಡ್ರೆ ಆಗಲ್ಲ ಇದಕ್ಕೆ. ಈಗ್ಲೂ ನೋಡಿ, ನಿಮ್ಮ ತಾಯಿ ನೋಡಿದ ಹಾಗೇ ನೋಡ್ತಿದೆ. ನಮ್ಮದೇ." ಅವಳು ಸೆರಗು ಸಿಕ್ಕಿಸಿಕೊಂಡಳು. "ಪುಡಿ ವಿಷಯ ಹೇಳಿಬಿಡಿ ರೀ. ಮೂರು ತಿಂಗಳು ಹೇಗೋ ಕಳೆಯೋಣ."

"ಮೂರು ತಿಂಗಳು ಕಳೀಬಹುದು. ಆಮೇಲೆ ನಿಲ್ಲೋದೆಲ್ಲಿ? ನನಗೆ ಬೇರೆ ಕೆಲಸ ಬರಲ್ಲ."

ಇದಕ್ಕೆ ಅವನು ಖಾತ್ರಿ ಎಂದು ಸೇರಿಸಲಿಲ್ಲ.

ಶನಿವಾರ ಪೋಸ್ಟ್ ಮಾಸ್ಟರ್ ಹದಿಮೂರು ಜನ ಸಾಕ್ಷಿಗಳನ್ನು ಕೂಡಿಸಿಕೊಂಡು ಬಸ್ಸಿನಲ್ಲಿ ಹೊರಟರು. ಖಾತ್ರಿ ಕುದುರೆಯ ಹಗ್ಗ ಹಿಡಿದು ಹತ್ತಿರದ ದಾರಿಯೆಂದು ಉದ್ಯಾನದ ಹಿಂದಿನ ಬಯಲಿಗೆ ಬಿದ್ದ. ಪುಡಿಯ ವಿಷಯ ಹೇಳಿ ಕಾಲಿಗೆ ಬೀಳುವುದು, ಇಲ್ಲವೇ ಬೀಳದೇ ಹೇಳುವುದು, ಎರಡರಲ್ಲಿ ಯಾವುದು ಒಳ್ಳೆಯದೆಂದು ಯೋಚಿಸುತ್ತಿದ್ದ. ಅಷ್ಟರಲ್ಲಿ ಕೈಯಲ್ಲಿದ್ದ ಹಗ್ಗ ಕೆಳಗೆ ಜಗ್ಗಿತು.

ಕುದುರೆ ಮೂರು ದಿನದಿಂದ ತಡೆದುಕೊಂಡಿತ್ತು. ಮೊಣಕಾಲೂರಿ, ಎಡಮಗ್ಗುಲಿಗೆ ಬಿದ್ದು, ಕೆಮ್ಮಣ್ಣಿನಲ್ಲಿ ಬೆನ್ನು ತೀಡಿ ತೀಡಿ ಹೊರಳಿತು. ಇನ್ನೊಂದು ಮಗ್ಗುಲಿಗೆ ತಿರುಗುವಷ್ಟರಲ್ಲಿ ಖಾತ್ರಿ ಹಗ್ಗ ಎಳೆದು ಎಬ್ಬಿಸಿದ. ಕುದುರೆ ಎದ್ದು, ಒಮ್ಮೆ ಸೀನಿ, ತೃಪ್ತಿಯಿಂದ ನಿಂತಿತು. ಹನ್ನೊಂದಕ್ಕೆ ಐದು ನಿಮಿಷ. ತೊಳೆಯಲು ಹೊತ್ತಿಲ್ಲ, ನೀರಿಲ್ಲ. "ಹೋಯ್ತು," ಎಂದ ಖಾತ್ರಿ. "ಬಿಳೀನೂ ಹೋಯ್ತು." ಕೊಳೆಯಾದ ಕುದುರೆ ತಂದದ್ದಕ್ಕೆ ಬೇರೆ ದಂಡ ಹಾಕುತ್ತಾರೇನೋ ಎಂದು ಹೆದರುತ್ತಾ ನಡೆದ.

ಕಚೇರಿಯ ಅಂಗಳದಲ್ಲಿ ಅಧಿಕಾರಿ ತನ್ನ ಮೇಜಿನಲ್ಲಿದ್ದ. ಸಾಕ್ಷಿಗಳನ್ನು ಎದುರುಬದಿಗೆ, ಹಗ್ಗದಾಚೆ ನಿಲ್ಲಿಸಿದ್ದರು. ಕುದುರೆ ನಡುವೆ ಬಂದು ನಿಂತಿತು.

"ಸಾರ್, ದಾರೀಲಿ ಒಂದು ಸಣ್ಣ..." ಎಂದು ಖಾತ್ರಿ ಶುರುಮಾಡಿದ.

"ಮಾತಾಡಬೇಡಿ." ಅಧಿಕಾರಿ ಕನ್ನಡಕ ಸರಿಮಾಡಿಕೊಂಡ. "ಇದು ಸರಿ. ಇದೇ ಕುದುರೆ. ಇದನ್ನ ಮೊದಲೇ ತಂದಿದ್ರೆ ನಿಮಗೇನು ಹೋಗ್ತಿತ್ತು? ಆ ಬಿಳಿ ಕುದುರೆ ಎಲ್ಲಿಟ್ಟಿದ್ದೀರಿ?"

"ಇದು ಅದೇ ಬಿಳಿ ಕುದುರೆ ಸ್ವಾಮಿ," ಎಂದರು ಹಗ್ಗದಾಚೆಯಿಂದ ಪೋಸ್ಟ್ ಮಾಸ್ಟರ್.

"ಯಾವುದ್ರೀ ಬಿಳಿ?"

"ನಿಮ್ಮ ಎದುರಿಗೇ ಇದೆಯಲ್ಲ. ಹಾಲಿನಂಥ ಬಿಳಿ. ಕೇಳಿ ಇವರನ್ನ."

"ಬಿಳಿ," ಎಂದರು ಹದಿಮೂರೂ ಜನ.

"ಕಂದು," ಎಂದ ಅಧಿಕಾರಿ.

"ಮೇಜಿನ ಮುಂದೆ ಹೀಗೆ ಕಣ್ಣು ಮುಚ್ಚಿಕೊಂಡ್ರೆ ನಾವು ಮೇಲಿನವರಿಗೆ ಬರೀಬೇಕಾಗುತ್ತೆ," ಎಂದರು ಪೋಸ್ಟ್ ಮಾಸ್ಟರ್. "ಈ ಮನುಷ್ಯ ನಿಮಗೆ ಏನು ಕೊಟ್ಟಿದ್ದಾನೋ ನನಗೆ ಗೊತ್ತಿಲ್ಲ."

"ನೀವು ಬೆಳಿಗ್ಗೆ ಏನು ಕುಡಿದು ಬಂದಿದ್ದೀರೋ ನನಗೂ ಗೊತ್ತಿಲ್ಲ."

"ಎದ್ದು ಬಂದು ನೋಡಿ ಸ್ವಾಮಿ."

ಅಧಿಕಾರಿ ಎದ್ದ. ಮೇಜು ಬಳಸಿ, ಕುದುರೆಯ ಮುಖದ ಮುಂದಿನಿಂದ ಹಾದು, ಆ ಬದಿಗೆ ಹೋದ. ಅಲ್ಲಿ ನಿಂತ. ಈ ಬದಿಗೆ ಬಂದ. ಮತ್ತೆ ಆ ಬದಿಗೆ ಹೋದ. ಕುದುರೆಯ ಬೆನ್ನಿನ ಮೇಲೆ ಬೆರಳಿಟ್ಟ; ಕಂದು ಮುಗಿದು ಬಿಳಿ ಶುರುವಾಗುವ ಗೆರೆಯನ್ನು ಬಾಲದ ತನಕ ಬೆರಳಲ್ಲಿ ಹಿಂಬಾಲಿಸಿದ. ಬೆರಳು ನೋಡಿಕೊಂಡ. ಕೆಂಪಾಗಿತ್ತು. ಖಾತ್ರಿ ಕಣ್ಣು ಮುಚ್ಚಿಕೊಂಡ.

ಅಧಿಕಾರಿ ಕುರ್ಚಿಗೆ ಮರಳಿ ಪರವಾನಗಿ ಪುಸ್ತಕ ತೆರೆದ. ಮೊದಲ ವರ್ಷದ ಪುಟದಲ್ಲಿ 'ಸ್ವತಃ ಮುಟ್ಟಿ ಪರೀಕ್ಷಿಸಿದೆ, ಬಣ್ಣ ಕಂದು' ಎಂದಿತ್ತು. ಕೆಳಗೆ ಅವನ ಸಹಿ. ಎರಡನೆಯ ವರ್ಷದ್ದು ಹಾಗೇ. ಮೂರನೆಯದು, ನಾಲ್ಕನೆಯದು. ಅವನು ನಾಲ್ಕು ಪುಟಗಳನ್ನೂ ನಿಧಾನವಾಗಿ ತಿರುವಿದ. ಜೇಬಿನಿಂದ ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡ. ಒರೆಸಿದ ಜಾಗವನ್ನು ಒಳಗೆ ಬರುವಂತೆ ಮಡಚಿಟ್ಟುಕೊಂಡ.

"ಪೋಸ್ಟ್ ಮಾಸ್ಟ್ರೇ, ಈ ಕಡೆ ಬನ್ನಿ," ಎಂದ, ಬಹಳ ಮರ್ಯಾದೆಯಿಂದ. "ಇಲ್ಲಿ, ನನ್ನ ಪಕ್ಕ ನಿಂತ್ಕೊಳ್ಳಿ. ಈಗ ಹೇಳಿ. ಯಾವ ಬಣ್ಣ?"

ಪೋಸ್ಟ್ ಮಾಸ್ಟರ್ ನೋಡಿದರು. ಕನ್ನಡಕ ತೆಗೆದು ಒರೆಸಿ ನೋಡಿದರು.

"ಇಲ್ಲಿಂದ ಕಂದು. ಆದ್ರೆ ಸ್ವಾಮಿ, ಆ ಕಡೆ—"

"ಪರೀಕ್ಷೆ ನಡೆಯೋದು ಇಲ್ಲಿಂದ. ಆ ಕಡೆ ಪ್ರೇಕ್ಷಕರಿಗೆ." ಅಧಿಕಾರಿ ಬರೆಯತೊಡಗಿದ. "'ಸಾಕ್ಷಿ ಸ್ವತಃ ನೋಡಿ ಕಂದು ಎಂದು ಒಪ್ಪಿದ್ದಾರೆ.' ಇಲ್ಲೊಂದು ಸಹಿ ಹಾಕಿ."

ಪೋಸ್ಟ್ ಮಾಸ್ಟರ್ ಜೀವನದಲ್ಲಿ ಸುಳ್ಳಿಗೆ ಸಹಿ ಹಾಕಿದವರಲ್ಲ. ಇದು ಸುಳ್ಳಲ್ಲ ಎಂಬುದೇ ಅವರ ಕಷ್ಟ. ಸಹಿ ಹಾಕಿದರು.

"ಮೈಮೇಲೆ ಔಷಧಿ ಗಿಷಧಿ ಏನಾದ್ರೂ ಇದೆಯೇನ್ರೀ?" ಎಂದು ಅಧಿಕಾರಿ ತಲೆಯೆತ್ತದೆ ಕೇಳಿದ.

"ಮಣ್ಣು ಬಿಟ್ರೆ ಬೇರೇನೂ ಇಲ್ಲ ಸಾರ್."

"ಮಣ್ಣಿಗೆ ಇಲ್ಲಿ ಜಾಗ ಇಲ್ಲ. 'ಇಲ್ಲ' ಅಂತ ಬರೀತೀನಿ." ಮೊಹರು ಬಿತ್ತು.

ಅಂದು ಸಂಜೆಯೇ ಖಾತ್ರಿ ಮೂರನೆಯ ಜಾಗದಲ್ಲಿ ಸಾರೋಟು ನಿಲ್ಲಿಸಿದ್ದ. ಕೋಟು ಹಾಕಿದ ಒಬ್ಬ ಗಿರಾಕಿ ಬಂದು, ಎಡಗಡೆಯಿಂದ ಹತ್ತಿ, ಒಂದು ಸುತ್ತು ಹಾಕಿ, ಬಲಗಡೆಯಿಂದ ಇಳಿದ. ಹೋಗುತ್ತಾ ಕುದುರೆಯ ಕಡೆ ನೋಡಿ ನಿಂತ. ಸಾರೋಟಿನ ಕಡೆ ನೋಡಿದ. ಖಾತ್ರಿಯ ಮುಖ ನೋಡಿದ.

"ಏನ್ರೀ, ದಾರೀಲಿ ಕುದುರೆ ಬದಲಾಯಿಸಿದ್ರಾ?"

ಖಾತ್ರಿ ಹಗ್ಗ ಸುತ್ತಿಕೊಂಡ.

"ಹೌದು ಸಾರ್," ಎಂದ. "ಕಂದು ಕುದುರೆಗೆ ಸುಸ್ತಾಗಿತ್ತು."

ಗಿರಾಕಿ ತಲೆಯಾಡಿಸಿದ. "ನನಗೆ ಆಗಲೇ ಗೊತ್ತಾಯ್ತು," ಎಂದು ಹೇಳಿ ಸಮಾಧಾನದಿಂದ ಹೊರಟುಹೋದ.